ಮೂರನೆಯ ಸದ್ದು

ಕಾದ ಬೆಸುಗೆ ಕಡ್ಡಿಯ ತುದಿ ರಾಳಕ್ಕೆ ತಾಗಿ ಎಳೆಯಾಗಿ ಹೊಗೆ ಎದ್ದಾಗಲೆಲ್ಲ ಶಾಮಲಾಗೆ ಕಲಾಯಿಯವನ ನೆನಪಾಗುತ್ತಿತ್ತು. ಎರಡೂ ಒಂದೇ ವಾಸನೆಯಲ್ಲ. ಕಲಾಯಿಯವನದು ನವಸಾಗರದ ಹೊಗೆ, ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವಂಥದು. ಈ ರಾಳದ್ದು ಗುಡಿಯ ಧೂಪಕ್ಕೆ ಹತ್ತಿರ. ಆದರೆ ಎರಡರ ಹಿಂದೆಯೂ ಕರಗಿದ ತವರದ ತೆಳುವಾದ, ಹೆಸರಿಲ್ಲದ ಒಂದು ವಾಸನೆ ಇರುತ್ತಿತ್ತು. ಅದು ಬಂದೊಡನೆ ಅವಳು ಏಳು ವರ್ಷದವಳಾಗಿ ಹಾನಗಲ್ಲಿನ ಓಣಿಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ನೆಲದಲ್ಲಿ ತೋಡಿದ ಕುಳಿ, ಕುಳಿಯಲ್ಲಿ ಕೆಂಡ, ಕೆಂಡದ ಮೇಲೆ ಮನೆಯ ತಪೇಲಿ. ಕಲಾಯಿಯವನು ಅರಳೆಯಿಂದ ಒಂದು ಸುತ್ತು ಒರೆಸಿದರೆ ಒಳಗಿನ ಕರಿಯ ತಳದಲ್ಲಿ ಹುಣ್ಣಿಮೆ ಹುಟ್ಟುತ್ತಿತ್ತು. ಒಮ್ಮೆ ಅವನು ತಿದಿಯ ಹಿಡಿಕೆಯನ್ನು ಅವಳ ಕೈಗೆ ಕೊಟ್ಟು, "ಊದವಾ ತಾಯಿ, ಬೆಂಕಿಗೆ ಯಾರ ಊದಿದ್ರೂ ಅಷ್ಟ," ಅಂದಿದ್ದ. ಅವಳು ಊದಿದಳು. ಕೆಂಡ ಅರಳಿತು. ಆಮೇಲೆ ಅಪ್ಪನ ಒಡಹುಟ್ಟಿದ ಗೋಪಿಕಾ ಅತ್ಯಾ ಅವಳನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಎರಡು ಸಲ ತಲೆಯ ಮೇಲೆ ನೀರು ಹಾಕಿದ್ದಳು. ಎರಡನೆಯ ಸಲ ನೀರು ಬೆಚ್ಚಗಿತ್ತು ಎಂಬುದೂ ಅವಳಿಗೆ ನೆನಪಿದೆ.

ಈಗ ಅವಳಿಗೆ ಮೂವತ್ತಾರು. ರವಿವಾರದ ಬೆಳಿಗ್ಗೆ. ಹಿಂದಿನ ಪಡಸಾಲೆಯ ಮೇಜಿನ ಮೇಲೆ ಹಸಿರು ಬಣ್ಣದ ಡಬ್ಬಿ ಮುಚ್ಚಳ ತೆರೆದುಕೊಂಡು ಕೂತಿತ್ತು. ಹತ್ತು ಗಂಟೆಗೆ ಉಡಚಪ್ಪ ಬಂದು ಒಯ್ಯುತ್ತಾನೆ. ನಾಲ್ಕು ಗಂಟೆಗೆ ಶಿಗ್ಗಾಂವಿಯಲ್ಲಿ ಲಗ್ನದ ಆರ್ಕೆಸ್ಟ್ರಾ. ಡಬ್ಬಿ ಸುಮ್ಮನಿತ್ತು. ಹಳೆಯ ವಾಲ್ವ್ ರೇಡಿಯೋದ ಹಿಂದಿನ ತೂತಿಗೆ ಅದರ ವಾಯರು ಸೇರಿಸಿ, ಧ್ವನಿಯ ಗುಂಡಿಯನ್ನು ಪೂರ್ತಿ ತಿರುವಿ, ಜಾಲರಿಗೆ ಕಿವಿ ಹಚ್ಚಿದರೂ ಸುಮ್ಮನಿತ್ತು. ಆ ಸುಮ್ಮನಿರುವಿಕೆಯೇ ಅವಳನ್ನು ಕಂಗೆಡಿಸಿತ್ತು. ಮನೆಯಲ್ಲಿ ಹೀಗೆ ಸಾಧುವಾಗಿರುವುದು ಸವಣೂರಿನಲ್ಲಿ ಮುನ್ನೂರು ಮಂದಿಯ ಎದುರು ಯಾಕೆ ಹಾಗೆ ಬೊಬ್ಬೆ ಹೊಡೆಯಿತು? ಆರು ವಾರದಿಂದ ಒಂದೊಂದು ಬೆಸುಗೆಯನ್ನೂ ಕಿತ್ತು ಮತ್ತೆ ಹಾಕಿದ್ದಳು. ಶಾಲೆಯಲ್ಲಿ ಹುಡುಗಿಯರ ಪ್ರಯೋಗದ ವಹಿ ತಿದ್ದುವಾಗ, ಕಾಣದ ತಪ್ಪಿಗೆ ಕೆಂಪು ಶಾಯಿ ಹಚ್ಚಲಾಗದೆ, ಪೆನ್ನು ಹಿಡಿದೇ ಕೂತುಬಿಡುತ್ತಿದ್ದಳು.

ಉಡಚಪ್ಪನ ತಂಗಿ ಅವಳ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಅವನು ಅಡತಿ ಅಂಗಡಿಯಲ್ಲಿ ಭತ್ತದ ಚೀಲದ ಬಾಯಿ ಹೊಲಿಯುವವನು. ಲಗ್ನದ ದಿನಗಳಲ್ಲಿ ಶಿದ್ಲಿಂಗಪ್ಪನವರ ಆರ್ಕೆಸ್ಟ್ರಾದಲ್ಲಿ ಗಿಟಾರ ನುಡಿಸುವವನು. ಡಬ್ಬಣ ಹಿಡಿದು ಗಟ್ಟಿಯಾದ ಬೆರಳುಗಳು ತಂತಿಯ ಮೇಲೆ ಅಷ್ಟು ಮೆತ್ತಗೆ ಹೇಗೆ ಓಡುತ್ತವೆ ಎಂಬುದು ಅವಳಿಗೆ ಮೊದಲಿನಿಂದಲೂ ಸೋಜಿಗ. ಅವನ ಹತ್ತಿರ ಎರಡು ಪೆಟ್ಟಿಗೆಗಳಿದ್ದವು. ಒಂದರ ಮೂಲಕ ಹಾಯಿಸಿದರೆ ಗಿಟಾರದ ದನಿ ಗರಗಸದಂತೆ ಒರಟಾಗುತ್ತದೆ, ಇನ್ನೊಂದರಿಂದ ಬಾವಿಯಲ್ಲಿ ಕೂಗಿದಂತೆ ಮರುದನಿ ಬರುತ್ತದೆ. ಕೆಲವು ಹಾಡಿಗೆ ಇವು ಬೇಕು, ಕೆಲವಕ್ಕೆ ಬೇಡ. ಬೇಡವಾದಾಗಲೆಲ್ಲ ಹಾಡಿನ ನಡುವೆಯೇ ಅವನು ಬಗ್ಗಿ ವಾಯರು ಕಿತ್ತು, ಇನ್ನೊಂದು ಕಡೆ ಚುಚ್ಚಬೇಕು. ಅಕ್ಕಿಆಲೂರಿನಲ್ಲಿ ಅವನು ಹಾಗೆ ಮಂದಿಗೆ ಬೆನ್ನು ತೋರಿಸಿ ಬಗ್ಗಿದಾಗ ಯಾರೋ, "ಏನ ಕಳೀತೋ ಉಡಚ್ಯಾ, ಡಬ್ಬಣ ಬಿತ್ತೇನ?" ಅಂದರಂತೆ. ಚಪ್ಪರವೆಲ್ಲ ನಕ್ಕಿತಂತೆ. ಇದನ್ನು ಅವನು ತಂಗಿಯ ಫೀ ಕಟ್ಟಲು ಬಂದಾಗ ನಗುತ್ತಲೇ ಹೇಳಿದ್ದ, ಆದರೆ ಕಿವಿಯ ತುದಿ ಕೆಂಪಾಗಿತ್ತು. ಬಗ್ಗದೆ, ನಿಂತಲ್ಲೇ ಕಾಲಿನಿಂದ ಒತ್ತಿ ದಾರಿ ಬದಲಿಸುವ ಒಂದು ವಸ್ತು ಮಾಡಬಹುದಲ್ಲ ಎಂದು ಅವಳ ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಅದು ಅವಳದಾಯಿತು.

ಮಾಡಿದ್ದಳು ಕೂಡ. ಕಾಲಿನಿಂದ ಒತ್ತುವ ಸ್ವಿಚ್ಚು ಹಾನಗಲ್ಲಿನ ಯಾವ ರೇಡಿಯೋ ಅಂಗಡಿಯಲ್ಲೂ ಇರಲಿಲ್ಲ. ಒಬ್ಬ ಅಂಗಡಿಯವನು, "ಬಾಯಾರ, ನಿಮಗದು ತಿಳಿಯಂಗಿಲ್ಲ, ನಿಮ್ಮ ಮನ್ಯಾಗ ಯಾರರ ಗಂಡಸರನ್ನ ಕಳಸ್ರಿ," ಅಂದಿದ್ದ. ಅವಳು ಅವನ ಅಂಗಡಿಯ ಪಾಟಿಯಲ್ಲಿ ತಪ್ಪು ಬರೆದಿದ್ದ ಎರಡು ಅಳತೆಗಳನ್ನು ನೋಡಿ, ತಿದ್ದದೆ, ಇಳಿದು ಬಂದಿದ್ದಳು. ಕೊನೆಗೆ ಸಿಕ್ಕಿದ್ದು ಹಿರೇಕೆರೂರಿನಲ್ಲಿ, ಲಾರಿ ಫಿಟರ್ ಹೂವಪ್ಪನ ಹತ್ತಿರ. ಲಾರಿಯ ಚಾಲಕ ಎಡಗಾಲಿನಿಂದ ಒತ್ತಿದರೆ ಮುಂದಿನ ದೀಪ ಮೇಲಕ್ಕೂ ಕೆಳಕ್ಕೂ ಆಗುತ್ತದಲ್ಲ, ಆ ಡಿಪ್ಪರ್ ಸ್ವಿಚ್ಚು. ಒಂದು ದಾರಿ ಬಂದು ಎರಡಾಗಿ ಕವಲೊಡೆಯುತ್ತದೆ. ಒತ್ತಿದಾಗೊಮ್ಮೆ ಕವಲು ಬದಲಾಗುತ್ತದೆ. ಗಿಟಾರದ ದನಿಗೂ ಬೇಕಾದದ್ದು ಅಷ್ಟೇ: ಒಂದು ದಾರಿ ನೆಟ್ಟಗೆ ಧ್ವನಿವರ್ಧಕದ ಭೋಂಗಾದ ಕಡೆಗೆ, ಇನ್ನೊಂದು ಆ ಎರಡು ಪೆಟ್ಟಿಗೆಗಳನ್ನು ಸುತ್ತಿ ಬರಲಿಕ್ಕೆ. ಹೂವಪ್ಪ ಕೇಳದೆಯೇ ಹಳೆಯ ಮಡ್‌ಗಾರ್ಡಿನ ತಗಡು ಕತ್ತರಿಸಿ ಅಂಗೈಯಗಲದ ಡಬ್ಬಿ ಬಗ್ಗಿಸಿಕೊಟ್ಟ. ಅಕ್ಕೋರ ಕೈಗೆ ತರಚಬಾರದೆಂದು ಅಂಚುಗಳನ್ನೆಲ್ಲ ಅರದಿಂದ ಉಜ್ಜಿದ್ದ. ಒಳಗೂ ಹೊರಗೂ ಲಾರಿಯ ಹಸಿರು ಬಣ್ಣ, ಮುಚ್ಚಳದ ಮೂಲೆಯಲ್ಲಿ ಲಾರಿಗೆ ಬರೆಯುವಂಥದೇ ಒಂದು ಪುಟ್ಟ ಕಮಲ. ಆ ಕಮಲ ನೋಡಿ ಅವಳಿಗೆ ನಾಚಿಕೆಯಾಗಿತ್ತು, ಆಮೇಲೆ ಇಷ್ಟವಾಗಿತ್ತು.

ಮೊದಲು ಬಂದ ಸದ್ದು ಕರಕರ. ದೊಡ್ಡ ದೀಪ ಉರಿಸಲು ಹುಟ್ಟಿದ ಸ್ವಿಚ್ಚಿಗೆ ಗಿಟಾರದ ನೂಲಿನಂಥ ಪ್ರವಾಹ ಲೆಕ್ಕಕ್ಕೇ ಬರುತ್ತಿರಲಿಲ್ಲ; ಹಿತ್ತಾಳೆಯ ಮೇಲೆ ಹಿಡಿದ ಮಾಸಲನ್ನು ದಾಟಲಾರದೆ ಅದು ಗೊಣಗುತ್ತಿತ್ತು. ಅವಳು ಬಿಚ್ಚಿ ಹಿಡಿದುಕೊಂಡು ಯೋಚಿಸುತ್ತಿದ್ದಾಗ ಗೋಪಿಕಾ ಅತ್ಯಾ ದೇವರ ಪಾತ್ರೆ ತಿಕ್ಕಿ ಉಳಿದ ಹುಣಸೆಹಣ್ಣನ್ನು ಬಾಳೆ ಎಲೆಯ ಚೂರಿನ ಮೇಲಿಟ್ಟು ದೂರದಿಂದಲೇ ಮೇಜಿನ ತುದಿಗೆ ಸರಿಸಿ, "ಹಿತ್ತಾಳಿ ಅಲ್ಲೇನ ಅದು, ಕೇಳಿದ್ರ ನಾ ಹೇಳ್ತಿದ್ದಿಲ್ಲೇನು," ಅಂದು ಹೋಗಿದ್ದಳು. ತಿಕ್ಕಿ, ತೊಳೆದು, ಸ್ಪಿರಿಟಿನಿಂದ ಒರೆಸಿದ ಮೇಲೆ ಕರಕರ ನಿಂತಿತು. ಎರಡನೆಯದು ಒತ್ತಿದಾಗೊಮ್ಮೆ ಬರುವ ಟಪ್. ಪೆಟ್ಟಿಗೆಯೊಳಗೆ ನಿಂತ ವಿದ್ಯುತ್ತಿಗೆ ಹೊರಹೋಗುವ ದಾರಿ ಇಲ್ಲದೆ, ಬಾಗಿಲು ತೆರೆದ ಕೂಡಲೇ ಹೊರಗೆ ಧುಮುಕುತ್ತಿತ್ತು. ಒಂದು ಸಣ್ಣ ರೋಧಕ ಬೆಸೆದು, ಯಾವಾಗಲೂ ಸ್ವಲ್ಪಸ್ವಲ್ಪ ಸೋರಿ ಹೋಗಲು ಅದಕ್ಕೆ ಬಚ್ಚಲದಾರಿ ಮಾಡಿಕೊಟ್ಟಳು. ಟಪ್ ಕೂಡ ಹೋಯಿತು. ಆ ಸಂಜೆ ಅವಳು ಯಾರಿಗೂ ಹೇಳದೆ ಸಾರಿಗೆ ಇಂಗಿನ ಒಗ್ಗರಣೆ ಎರಡು ಸಲ ಹಾಕಿದ್ದಳು.

ಮೂರನೆಯದು ಸವಣೂರಿಗಾಗಿ ಕಾದಿತ್ತು. ಜೊತೆಯ ಶಿಕ್ಷಕಿಯ ಮಗಳ ಲಗ್ನ. ಅವಳು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಮುಂದೆ ಹೂವಿನ ಮಾಲೆ ಇಳಿಬಿಟ್ಟ ಬೆಂಚು, ಅದರಾಚೆ ಉಡಚಪ್ಪ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದ. ಮೊದಲ ಹಾಡಿನ ನಡುವೆ ಅವನ ಭುಜ ಒಂದಿಷ್ಟು ತಗ್ಗಿತು, ಬಗ್ಗಲಿಲ್ಲ, ದನಿ ಒರಟಾಗಿ ತುಂಬಿಕೊಂಡಿತು. ಅವಳ ಎದೆಯೂ ತುಂಬಿತು. ಅದರ ಹಿಂದೆಯೇ ಗುಂಯ್ ಎಂದು ಶುರುವಾಯಿತು, ಎಲ್ಲೋ ದೂರದಲ್ಲಿ ಎಂಬಂತೆ, ಆಮೇಲೆ ಹತ್ತಿರ, ಆಮೇಲೆ ಚಪ್ಪರದ ತುಂಬ. ಏರುತ್ತಿತ್ತು, ಇಳಿಯುತ್ತಿತ್ತು, ಕಾರಣವೇ ಇಲ್ಲದೆ. ಹಾಡುವವಳ ದನಿ ಅದರ ಕೆಳಗೆ ಸಿಕ್ಕಿ ನರಳಿತು. ಗಂಡಸರ ಕಡೆಯಿಂದ ಒಬ್ಬ, "ಶಿದ್ಲಿಂಗಪ್ಪಾರ, ಹಿಟ್ಟಿನ ಗಿರಣಿ ಯಾವಾಗ ಹಾಕಿದ್ರಿ?" ಎಂದು ಕೂಗಿದ. ಇನ್ನೊಬ್ಬ, "ಸೇರು ಜ್ವಾಳ ತರ್ಲೇನ್ರಿ, ಬೀಸಿ ಕೊಡ್ತೀರೇನ?" ಅಂದ. ಉಡಚಪ್ಪನ ಭುಜ ಮತ್ತೆ ಮತ್ತೆ ತಗ್ಗುತ್ತಿತ್ತು, ಚೇಳು ತುಳಿಯುವವನ ಹಾಗೆ.

ಆಟ ಮುಗಿದ ಮೇಲೆ ಶಿದ್ಲಿಂಗಪ್ಪ ಅವನನ್ನು ಚಪ್ಪರದ ಕಂಬದ ಹತ್ತಿರ ನಿಲ್ಲಿಸಿಕೊಂಡಿದ್ದರು. ಅವಳು ಮೂರು ಮಾರು ದೂರದಲ್ಲಿ, ಕೈಯಲ್ಲಿ ತೆಂಗಿನಕಾಯಿ ಮತ್ತು ಎಲೆ ಅಡಿಕೆ ಹಿಡಿದುಕೊಂಡು. "ನನ್ನ ವಾಯರ ಕಿತ್ತಿತ್ರಿ ಧಣಿ," ಅಂದ ಉಡಚಪ್ಪ. "ಡಬ್ಬೀದೇನ ತಪ್ಪಿಲ್ರಿ. ನಾನ ಸರಿ ನೋಡ್ಕೊಳ್ಳಿಲ್ಲ." ಅವನ ವಾಯರು ಕಿತ್ತಿರಲಿಲ್ಲ. ಅದರ ಹಿಂದಿನ ವಾರವಷ್ಟೇ ಅವಳೇ ಹೊಸದಾಗಿ ಬೆಸೆದುಕೊಟ್ಟದ್ದು. ಶಿದ್ಲಿಂಗಪ್ಪ ತಿರುಗಿ ಅವಳನ್ನು ಕಂಡು ಪಂಚೆಯ ಚುಂಗು ಬಿಟ್ಟು, "ನೋಡ್ರಿ ಅಕ್ಕೋರ, ನಿಮ್ಮಂಥಾ ಕಲತಾರು ಇಷ್ಟ ಚಂದ ಮಾಡಿ ಕೊಟ್ರೂ ಇಂವಗ ಬಳಸಾಕ ಬರಂಗಿಲ್ಲ. ಶಿಗ್ಗಾಂವ್ಯಾಗ ಇನ್ನೊಮ್ಮೆ ಹಿಂಗಾತಂದ್ರ ಹುಬ್ಬಳ್ಳಿ ಹುಡುಗನ್ನ ಕೂಡಸ್ತೇನಿ, ಇಂವ ಚೀಲಾ ಹೊಲಕೋಂತ ಇರ್ಲಿ," ಅಂದರು. ಅವಳು ನಕ್ಕಳು. ಏನಾದರೂ ಹೇಳಬಹುದಿತ್ತು, ಬಾಯಿ ತೆರೆದದ್ದೂ ನಿಜ, ತೆರೆದ ಬಾಯಿ ನಗುವಾಯಿತು. ಉಡಚಪ್ಪ ಅವಳ ಕಡೆ ನೋಡಲಿಲ್ಲ, ನೋಡಿದರೆ ಅವಳಿಗೆ ಕಷ್ಟವಾದೀತೆಂದು ನೋಡಲಿಲ್ಲ. ಆ ನಗು ಆರು ವಾರದಿಂದ ಅವಳ ತುಟಿಗೆ ಅಂಟಿಕೊಂಡು ಒಣಗಿತ್ತು. ತರಗತಿಯಲ್ಲಿ ಹುಡುಗಿಯೊಬ್ಬಳು ಗಾಜಿನ ನಳಿಕೆ ಒಡೆದು, "ನಾನ ಒಡದೆನ್ರಿ ಅಕ್ಕೋರ," ಎಂದು ಎದ್ದು ನಿಂತ ದಿನ ಅವಳು ಪಾಠ ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ನಿಂತಿದ್ದಳು.

ಮೇಜಿನ ಮೇಲಿಂದ ಡಬ್ಬಿಯನ್ನು ನೆಲಕ್ಕೆ ಇಳಿಸಿ, ಮುಚ್ಚಳ ಹಾಕಿ, ಮೂಲೆಯಲ್ಲಿದ್ದ ಒನಕೆ ತಂದು ಅದರ ತುದಿಯಿಂದ ಸ್ವಿಚ್ಚು ಒತ್ತಿದಳು. ಲಾರಿಯ ಸ್ವಿಚ್ಚು, ಬೆರಳಿಗೆ ಬಗ್ಗುವುದಿಲ್ಲ. ಮೊದಲ ದಿನದಿಂದಲೂ ಒನಕೆಯೇ. ಒತ್ತಿದಳು, ಸುಮ್ಮನೆ. ಮತ್ತೆ ಒತ್ತಿದಳು, ಸುಮ್ಮನೆ.

"ಇವತ್ತೂ ಅದಕ್ಕ ಕುಟ್ಲಿಕತ್ತೀಯೇನವಾ," ಎಂದಳು ಗೋಪಿಕಾ ಅತ್ಯಾ, ನೆಲ ಒರೆಸಿದ ಬಟ್ಟೆ ಹಿಂಡುತ್ತ. "ಅವಲಕ್ಕಿ ಆಗಿದ್ರ ಇಷ್ಟೊತ್ತಿಗೆ ತೆಳ್ಳಗಾಗ್ತಿತ್ತು."

"ಅಪ್ಪಾ ಕರದ್ರೇನು?" ಎಂದಳು ಶಾಮಲಾ, ಒಳಕೋಣೆಯ ಕಡೆ ನೋಡಿ.

"ಕರದಿಲ್ಲ. ಆ ಹುಡುಗ ಬಂದಾನ. ಚಪ್ಪಲ್ ಬಿಟ್ಟು ಹೊರಗ ನಿಂತಾನ. ಒಳಗ ಬಾ ಅಂದ್ರ ಹೊಸ್ತಿಲಾ ನೋಡ್ತಾನ."

ಶಾಮಲಾ ರೇಡಿಯೋ ಆರಿಸಿದಳು. ಉಡಚಪ್ಪ ಒಳಗೆ ಬಂದು ಗಿಟಾರದ ಚೀಲ ಗೋಡೆಗೆ ಒರಗಿಸಿ, ಮೊದಲು ಡಬ್ಬಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಪ್ರತಿ ಸಲವೂ ಹೀಗೆಯೇ. ಅವನ ತಂಗಿ ಪರೀಕ್ಷೆಯ ಪೆನ್ನಿಗೂ ಹೀಗೆ ಮಾಡುತ್ತಾಳೆ.

"ಸಿಕ್ತೇನ್ರಿ ಅಕ್ಕೋರ?"

"ಇಲ್ಲಪಾ."

ಅವನು ತಲೆಯಾಡಿಸಿದ. ಅದರಲ್ಲಿ ದೂರು ಇರಲಿಲ್ಲ, ಅದೇ ಅವಳಿಗೆ ತಡೆಯದಾಯಿತು. "ಹಂಗಾರ ಇವತ್ತ ಮದಲಿನಂಗ ಬಗ್ಗೇ ಬದಲಿ ಮಾಡ್ತೇನಿ ಬಿಡ್ರಿ," ಅಂದ. "ಬೆನ್ನ ನೋಡಿ ನಕ್ಕಾರು. ನಗೂದೇನ, ಲಗ್ನದಾಗ ನಗಬೇಕಲ್ರಿ. ಡಬ್ಬಿ ಮನ್ಯಾಗ ಇರ್ಲಿ. ಎಷ್ಟ ಕಷ್ಟಪಟ್ಟ ಮಾಡೀರಿ, ಮಂದಿ ಬಾಯಾಗ ಯಾಕ ಬೀಳಬೇಕು ಅದು."

"ಅಂದು ಸವಣೂರಾಗ ನೀ ಹೆಂಗ ನಿಂತಿದ್ದಿ?" ಎಂದು ಕೇಳಿದಳು ಅವಳು. ಈ ಪ್ರಶ್ನೆ ಆರು ವಾರದಲ್ಲಿ ಯಾಕೆ ಕೇಳಿರಲಿಲ್ಲ? ಅವನ ಎದುರು ಸವಣೂರಿನ ಹೆಸರು ಎತ್ತಲು ಆಗುತ್ತಿರಲಿಲ್ಲ, ಅದಕ್ಕೆ. ಸವಣೂರು ಅಂದರೆ ಆ ನಗು.

"ಹೆಂಗಂದ್ರ? ಇದ್ದಂಗ ನಿಂತಿದ್ನಿರಿ."

"ಕಾಲಾಗ ಚಪ್ಪಲ್ ಇದ್ವೇನು?"

ಅವನಿಗೆ ಅವಮಾನವಾದಂತಾಯಿತು. "ಏ ಇಲ್ರಿ. ಸ್ಟೇಜಿನ ಮ್ಯಾಲ ದೀಪಾ ಹಚ್ಚಿರ್ತಾರ, ವಾದ್ಯಾ ಇರ್ತಾವ. ಬರಿಗಾಲಾಗ ಇದ್ನಿ. ಆ ದಿನ ನೀರ ಬ್ಯಾರೆ ಚೆಲ್ಲಿತ್ತು, ಹಲಗಿ ಹಸಿ ಇತ್ತು."

"ಸ್ವಿಚ್ ಒತ್ತಿ ಕಾಲ್ ತಗೀತಿದ್ದಿ?"

"ತಗೀತಿದ್ನಿ, ಗುಂಯ್ ಅಂದ ಮ್ಯಾಲ ತಗೀಲಿಲ್ರಿ. ತಗದ್ರ ಇನ್ನೇನರ ಅಂದೀತು ಅಂತ ಗಟ್ಟಿ ಹಿಡದ್ನಿ. ಪಾದ ಅದರ ಮ್ಯಾಲೇ ಇತ್ತು, ಕಡೀತನಾ."

ಶಾಮಲಾ ಒನಕೆಯ ಕಡೆ ನೋಡಿದಳು. ಒಣ ಮರ. ಆರು ವಾರ ಅವಳ ಮತ್ತು ಡಬ್ಬಿಯ ನಡುವೆ ಒಣ ಮರವಿತ್ತು.

"ಈಗ ಹಂಗೇ ಒತ್ತು. ಬರಿಗಾಲು ಇಡು."

ಅವನು ಎದ್ದು ನಿಂತ, ಕಾಲು ಎತ್ತಿದ, ಇಳಿಸಿದ. ಪಡಸಾಲೆಯ ಗೋಡೆಗುಂಟ ಅಪ್ಪನ ಗ್ರಂಥಗಳ ಗಂಟುಗಳು, ಕೆಂಪು ವಸ್ತ್ರದಲ್ಲಿ. "ಆಗಂಗಿಲ್ರಿ ಅಕ್ಕೋರ," ಎಂದ, ಬೆವರು ಒರೆಸಿಕೊಂಡು. "ಸ್ಟೇಜಿನ ಮ್ಯಾಲ ಬ್ಯಾರೆ, ಅಲ್ಲಿ ಅದು ನನ್ನ ಕೆಲಸ. ಇಲ್ಲಿ ನಿಮ್ಮ ಮುಂದ, ನೀವ ಕೈಯಾರೆ ಮಾಡಿದ ವಸ್ತುವಿನ ಮ್ಯಾಲ... ನನ್ನ ಕಾಲ ಏಳಂಗಿಲ್ರಿ."

ಅವಳು ಅವನನ್ನು ಒತ್ತಾಯಿಸಲಿಲ್ಲ. ಒನಕೆ ಹಿಡಿದಿದ್ದು ಬೆರಳಿಗೆ ಬಗ್ಗದ ಸ್ವಿಚ್ಚಿಗಾಗಿ ಎಂದು ಇಷ್ಟು ದಿನ ತಿಳಿದಿದ್ದಳು. ಹಾಗಲ್ಲ. ಕಾಲಿನಿಂದ ಒತ್ತಲೆಂದೇ ಮಾಡಿದ ವಸ್ತುವಿಗೆ ಕಾಲು ತಾಗಿಸದೆ ಪರೀಕ್ಷೆ ಮಾಡಿ ಸರಿಯಿದೆ ಎಂದು ಕೊಟ್ಟುಬಿಟ್ಟಿದ್ದಳು. ನಾಲ್ಕು ವರ್ಷದವಳಿದ್ದಾಗ ಓಡುತ್ತ ಪಂಚಾಂಗಕ್ಕೆ ಕಾಲು ತಾಗಿ, ಅಪ್ಪ ಬೈಯದೆ, ಸುಮ್ಮನೆ ಅವಳ ಎರಡು ಕೈಯನ್ನೂ ಹಿಡಿದು ಪಂಚಾಂಗಕ್ಕೆ ಮುಟ್ಟಿಸಿ ಅವಳ ಕಣ್ಣಿಗೆ ಒತ್ತಿದ್ದರು. ಅವರ ಬೆರಳಿಗೆ ಗಂಧದ ತಂಪಿತ್ತು. ಆಮೇಲೆ ಯಾವ ಪುಸ್ತಕಕ್ಕೂ, ಯಾವ ಉಪಕರಣಕ್ಕೂ ಅವಳ ಕಾಲು ತಾಗಿಲ್ಲ. ಧಾರವಾಡದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೇಜಿನ ಕೆಳಗೆ ಬ್ಯಾಟರಿ ಇಟ್ಟಿದ್ದರೆ ಅವಳೊಬ್ಬಳು ಕಾಲು ಮಡಚಿ ಸ್ಟೂಲಿನ ಮೇಲೆ ಎತ್ತಿಟ್ಟುಕೊಳ್ಳುತ್ತಿದ್ದಳು, ಹುಡುಗರು ಬಾತುಕೋಳಿ ಅನ್ನುತ್ತಿದ್ದರು. ಈಗ ರೇಡಿಯೋ ಮತ್ತೆ ಹಚ್ಚಿ, ಸೀರೆಯ ನೆರಿಗೆ ಎತ್ತಿ ಹಿಡಿದಳು. ಆಗಷ್ಟೇ ಒರೆಸಿದ ಶಹಾಬಾದಿ ಕಲ್ಲು ಅಂಗಾಲಿಗೆ ತಣ್ಣಗಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅತ್ಯಾ ಹಿಂಡಿದ ಬಟ್ಟೆ ಹಿಡಿದು ನಿಂತದ್ದು ಕಣ್ಣಂಚಿಗೆ ಕಂಡಿತು. ಬಲಗಾಲನ್ನು ಎತ್ತಿ, ಕಮಲದ ಪಕ್ಕದಲ್ಲಿ, ಡಬ್ಬಿಯ ಮೇಲೆ ಇಟ್ಟಳು.

ಗುಂಯ್.

ಕಾಲು ತೆಗೆದಳು. ಇಳಿಯಿತು. ಇಟ್ಟಳು. ಏರಿತು. ಮೂರು ಸಲ, ನಾಲ್ಕು ಸಲ, ಹಗ್ಗದಾಟ ಆಡುವವಳ ಹಾಗೆ. ಇಷ್ಟು ದಿನ ಹೆದರಿ ಅಡಗಿದ್ದ ಪ್ರಾಣಿ ಕರೆದಾಗ ಬರುತ್ತಿದೆ, ಬೇಡವೆಂದಾಗ ಹೋಗುತ್ತಿದೆ. ಅವಳಿಗೆ ನಗು ಬಂತು, ಈ ಸಲದ್ದು ಬೇರೆ ನಗು. ಉಡಚಪ್ಪ ಬಾಯಿ ತೆರೆದು ನಿಂತಿದ್ದ.

"ಕಾಲಿಟ್ಟಿದ್ದಕ್ಕ ಬೈದದ ಅದು," ಎಂದಳು ಗೋಪಿಕಾ ಅತ್ಯಾ ಬಾಗಿಲಿನಿಂದ. "ಬರೋಬ್ಬರಿ ಮಾಡೇದ." ಆದರೆ ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಇನ್ನೊಮ್ಮೆ ಇಡು, ನೋಡೋಣು," ಅಂದಳು.

ಈಗ ಎಲ್ಲ ತಾನಾಗಿಯೇ ಬಿಚ್ಚಿಕೊಂಡಿತು. ಗೋಡೆಯ ವಾಯರುಗಳಲ್ಲಿ ಹರಿಯುವ ಪ್ರವಾಹದ ಗುಂಗು ಗಾಳಿಯಲ್ಲಿ ಎಲ್ಲ ಕಡೆಗೂ ಇರುತ್ತದೆ. ಮನುಷ್ಯನ ಮೈ ಅದನ್ನು ಹಿಡಿಯುತ್ತದೆ, ರೇಡಿಯೋದ ಆಕಾಶತಂತಿಯ ಹಾಗೆ. ಮೈಯಿಂದ ಪಾದಕ್ಕೆ, ಪಾದದಿಂದ ತಗಡಿಗೆ. ತಗಡು ಅದನ್ನು ಭೂಮಿಯ ವಾಯರಿಗೆ, ಅಂದರೆ ಅರ್ಥಿಂಗಿಗೆ, ದಾಟಿಸಿ ಕೈ ತೊಳೆದುಕೊಳ್ಳಬೇಕಿತ್ತು. ಆದರೆ ದಾಟಿಸಲು ದಾರಿಯೇ ಇರಲಿಲ್ಲ. ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ, ಬಿಲ್ಲೆ ಮಾಡಿ, ವಾಯರು ಚುಚ್ಚುವ ಒಂದೊಂದು ಜಾಕಿನ ಸುತ್ತಲೂ ಇಟ್ಟು, ಒಳಗಿನ ಯಾವುದೂ ತಗಡಿಗೆ ತಾಗಬಾರದೆಂದು ನೋಡಿಕೊಂಡವಳು ಅವಳೇ. ಎಷ್ಟು ಅಚ್ಚುಕಟ್ಟು ಎಂದು ತನ್ನನ್ನೇ ಮೆಚ್ಚಿಕೊಂಡಿದ್ದಳು. ಮಡಿಯ ಸೀರೆ ಒಣಹಾಕಿದ ಕೋಲಿಗೆ ಬೇರೆ ಬಟ್ಟೆ ಸೋಕದಂತೆ ನೋಡಿಕೊಳ್ಳುವ ಮನೆಯಲ್ಲಿ ಬೆಳೆದ ಕೈಗಳು, ಹೇಳಿಕೊಡದೆಯೇ ಮಾಡಿದ ಕೆಲಸ. ತಗಡು ಯಾರಿಗೂ ಸೇರದೆ ಒಂಟಿಯಾಗಿ ನಿಂತು, ಬಂದದ್ದನ್ನೆಲ್ಲ ಪಕ್ಕದ ತಂತಿಗಳ ಕಿವಿಯಲ್ಲಿ ಹೇಳುತ್ತಿತ್ತು.

ರಬ್ಬರು ತೆಗೆಯಬೇಕಿರಲಿಲ್ಲ. ತಾಗಬೇಕಿತ್ತು, ಆದರೆ ಒಂದೇ ಕಡೆ. ಒಳಗಿನ ಒಂದು ಮೂಲೆಯಲ್ಲಿ ಹೂವಪ್ಪನ ಹಸಿರು ಬಣ್ಣವನ್ನು ಚಾಕುವಿನಿಂದ ಕೆರೆದಳು. ಮನಸ್ಸಿನಲ್ಲೇ ಅವನ ಕ್ಷಮೆ ಕೇಳಿದಳು. ಬೆಳ್ಳಗೆ ತಗಡು ಹೊಳೆಯಿತು. ಎಲ್ಲ ಜಾಕುಗಳ ಭೂಮಿಯ ವಾಯರು ಸೇರುವಲ್ಲಿಂದ ಒಂದು ಗೇಣು ತಂತಿ ಬೆಸೆದು ತಂದು, ಸಣ್ಣ ಬೋಲ್ಟಿನ ಕೆಳಗಿಟ್ಟು ನಟ್ಟು ಬಿಗಿದಳು. ಇಷ್ಟೇ. ಬೆಸುಗೆಯ ತುದಿ ಆರುವ ತನಕ ಊದುತ್ತ ಕೂತಾಗ, ತನ್ನ ಕೈಗಳನ್ನು ಯಾರಾದರೂ ನೋಡಬೇಕಿತ್ತು ಅನ್ನಿಸಿತು. ಕೂಡಲೇ, ಬೇಡ, ತಾನು ನೋಡುತ್ತಿದ್ದೇನಲ್ಲ ಅನ್ನಿಸಿತು.

ಕಾಲಿಟ್ಟಳು. ಏನೂ ಇಲ್ಲ. ಉಡಚಪ್ಪನನ್ನು ಕರೆದಳು. ಅವನು ಮುಟ್ಟಿ ಕಣ್ಣಿಗೊತ್ತಿಕೊಂಡು, ಗ್ರಂಥಗಳ ಕಡೆ ಬೆನ್ನು ಮಾಡಿ, ಹೆಬ್ಬೆರಳಿನ ತುದಿ ಇಟ್ಟ, ಆಮೇಲೆ ಇಡೀ ಪಾದ ಇಟ್ಟ.

"ಸತ್ತ ಹೋತೇನ್ರಿ ಇದು?"

"ನುಡಿಸಿ ನೋಡು."

ನುಡಿಸಿದ. ಸತ್ತಿರಲಿಲ್ಲ.

ತಾನೂ ಶಿಗ್ಗಾಂವಿಗೆ ಬರುತ್ತೇನೆ ಎಂದು ಅವಳು ಹೇಳಿದಾಗ ಅತ್ಯಾ ಅವಳ ಒಳ್ಳೆಯ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಿಟ್ಟಳು. ಬಸ್ಸಿನಲ್ಲಿ ಉಡಚಪ್ಪ ಗಿಟಾರ ಹಿಡಿದು ಹಿಂದಿನ ಬಾಗಿಲಲ್ಲಿ ನಿಂತಿದ್ದ. ಅವಳಿಗೆ ಹೆಂಗಸರ ಸೀಟು ಸಿಕ್ಕಿತ್ತು, ತೊಡೆಯ ಮೇಲೆ ಡಬ್ಬಿ. ಕೂದಲು ನೆರೆತ ರೈತ ಹೆಂಗಸೊಬ್ಬಳು, "ಏನವಾ ಅದು, ಕುಂಕಮದ ಭರಣಿ ಏನ? ಕಮಲಾ ಚಂದ ಬರದಾರ," ಎಂದು ಕೇಳಿದಳು. "ನಾನ ಮಾಡಿದ್ದ್ರಿ," ಎಂದಳು ಶಾಮಲಾ, ಕೇಳಿದ್ದಕ್ಕೆ ಉತ್ತರವಲ್ಲದಿದ್ದರೂ. ಹೆಂಗಸು, "ಚಂದ ಆಗೇತಿ," ಅಂದು, ಬಸ್ಸು ಎಗರಿದಾಗಲೆಲ್ಲ ಡಬ್ಬಿಯ ಮೇಲೆ ತಾನೂ ಒಂದು ಕೈ ಇಟ್ಟುಕೊಂಡಳು. ಕಬ್ಬಿನ ಹೊಲಗಳು ಹಿಂದೆ ಸರಿದವು. ಅಲ್ಲಿ ಏನು ಹೇಳಬೇಕೆಂಬುದನ್ನು ಅವಳು ಬಾಯಿಪಾಠ ಮಾಡುತ್ತಿದ್ದಳು, ಪ್ರತಿ ಸಲವೂ ವಾಕ್ಯ ಉದ್ದವಾಗುತ್ತಿತ್ತು, ಅದರಲ್ಲಿ ಕಾರಣಗಳು ಬಂದು ಸೇರುತ್ತಿದ್ದವು. ಕಾರಣಗಳನ್ನೆಲ್ಲ ಬಸ್ಸಿನಲ್ಲೇ ಬಿಟ್ಟು ಇಳಿಯಬೇಕೆಂದು ನಿಶ್ಚಯಿಸಿದಳು.

ಚಪ್ಪರ ದೊಡ್ಡದಿತ್ತು. ಸ್ಟೇಜಿನ ಬದಿಗೆ ಹುಬ್ಬಳ್ಳಿಯ ತರುಣ ತನ್ನ ಗಿಟಾರದ ಪೆಟ್ಟಿಗೆಯ ಮೇಲೆಯೇ ಕೂತು ಬಾಚಣಿಗೆಯಿಂದ ಕ್ರಾಪು ತೀಡುತ್ತಿದ್ದ. ಅವನನ್ನು ಕಂಡು ಉಡಚಪ್ಪನ ನಡಿಗೆ ನಿಧಾನವಾಯಿತು. ಶಿದ್ಲಿಂಗಪ್ಪ ಅವಳನ್ನು ನೋಡಿ ಗಡಬಡಿಸಿ, "ಬರ್ರಿ ಅಕ್ಕೋರ, ಮುಂದ ಕುಂದರ್ರಿ, ಏ ಕುರ್ಚಿ ತರ್ರೋ," ಎಂದವರು ಹಸಿರು ಡಬ್ಬಿ ಕಂಡು ದನಿ ತಗ್ಗಿಸಿದರು. "ಉಡಚ್ಯಾ, ಅದು ಬ್ಯಾಡೋ ಇವತ್ತ. ಬೀಗರು ಸ್ವಲ್ಪ ಬಿಗಿ ಮಂದಿ."

"ಸವಣೂರಾಗ ಗುಂಯ್ ಅಂದದ್ದು ಅವನ ವಾಯರ ಅಲ್ರಿ," ಎಂದಳು ಶಾಮಲಾ. ದನಿ ತಾನೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ತಬಲಾದವನು ಸುತ್ತಿಗೆ ನಿಲ್ಲಿಸಿ ನೋಡಿದ. "ನಾ ಮಾಡಿದ ಡಬ್ಬೀದು. ತಪ್ಪು ನಂದು. ಅಂವಾ ನನ್ನ ಮಾನಾ ಉಳಸಲಿಕ್ಕೆ ತನ್ನ ಮ್ಯಾಲ ಹಾಕ್ಕೊಂಡ, ನಾ ನಿಂತು ಕೇಳಿಸ್ಕೊಂಡೆ. ಈಗ ಸರಿ ಮಾಡೇನಿ."

ಉಡಚಪ್ಪ ನೆಲ ನೋಡುತ್ತಿದ್ದ. ಶಿದ್ಲಿಂಗಪ್ಪ ಅವಳನ್ನು ನೋಡಿದರು, ಅವನನ್ನು ನೋಡಿದರು, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು. "ತಪ್ಪ ನಂದು ಅಂದಾವ್ರು ಈ ಆರ್ಕೆಸ್ಟ್ರಾದಾಗ ಇನ್ನೂತನಾ ಯಾರೂ ಇರ್ಲಿಲ್ರಿ ಅಕ್ಕೋರ," ಎಂದರು ಕೊನೆಗೆ. "ಎಲ್ಲಾರೂ ಕರೆಂಟಿನ ಮ್ಯಾಲ ಹಾಕಾವ್ರ. ಆತು. ಎರಡ ಹಾಡು. ಎರಡರಾಗ ಗಿರಣಿ ಸುರು ಆತಂದ್ರ ಹುಬ್ಬಳ್ಳ್ಯಾಂವ ಏರ್ತಾನ."

ಅವಳು ಮುಂದಿನ ಕುರ್ಚಿಗೆ ಹೋಗಲಿಲ್ಲ. ಸ್ಟೇಜಿನ ಬದಿಯ ಕಂಬಕ್ಕೆ ಒರಗಿ, ಉಡಚಪ್ಪನ ಪಾದ ಕಾಣುವಲ್ಲಿ ನಿಂತಳು. ಬರಿಗಾಲು, ಹಿಮ್ಮಡಿಯಲ್ಲಿ ಬಿರುಕು, ದೀಪ ಹಚ್ಚಿದಾಗ ಚೆಲ್ಲಿದ ನೀರು ಹಲಗೆಯ ಮೇಲೆ ಇನ್ನೂ ಹೊಳೆಯುತ್ತಿತ್ತು. ಹಾಡು ಸುರುವಾಯಿತು. ಪಾದ ಎದ್ದಿತು. ಪಾದ ಇಳಿಯಿತು, ಗಿಟಾರದ ದನಿ ಒರಟಾಗಿ, ಮರುದನಿಯಾಗಿ ಚಪ್ಪರದ ತುದಿಯವರೆಗೆ ಹೋಗಿ ಬಂತು. ಅದರ ಹಿಂದೆ ಏನಾದರೂ ಬರುತ್ತದೆಯೇ ಎಂದು ಕಾದಳು. ಪಾದ ಡಬ್ಬಿಯ ಮೇಲೆಯೇ ಇತ್ತು, ಅವನೂ ಕಾಯುತ್ತಿದ್ದ. ಹಾಡಿನ ನಡುವೆ ಎಲ್ಲ ವಾದ್ಯಗಳೂ ಒಂದು ಕ್ಷಣ ನಿಲ್ಲುವ ಜಾಗ ಬಂತು. ಆ ಕ್ಷಣದಲ್ಲಿ ಅವಳಿಗೆ ಯಾರದೋ ಬಳೆಯ ಸದ್ದು ಕೇಳಿಸಿತು, ಅಡಿಗೆಯ ಕಡೆ ಕೊಪ್ಪರಿಗೆಗೆ ಅಕ್ಕಿ ಸುರಿದದ್ದು ಕೇಳಿಸಿತು, ಮುದುಕರೊಬ್ಬರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಭೋಂಗಾದಿಂದ ಏನೂ ಇಲ್ಲ. ಇಷ್ಟು ಮಂದಿಯಲ್ಲಿ ಆ ಇಲ್ಲದ ಸದ್ದನ್ನು ಕೇಳುತ್ತಿದ್ದವಳು ತಾನೊಬ್ಬಳೇ, ಅದು ತನ್ನದು, ತನ್ನ ಕೈಯಿಂದ ಆದದ್ದು ಅನ್ನಿಸಿ ಅವಳ ಬೆನ್ನು ಕಂಬದಿಂದ ತಾನಾಗಿಯೇ ನೆಟ್ಟಗಾಯಿತು. ಚಪ್ಪಾಳೆ ಹಾಡಿದವಳಿಗೆ ಬಂತು, ಉಡಚಪ್ಪನಿಗೂ ಒಂದಿಷ್ಟು ಬಂತು. ಅವನು ಅವಳ ಕಡೆ ತಿರುಗಿ, ಸವಣೂರಿನ ನಂತರ ಮೊದಲ ಸಲ, ನೇರವಾಗಿ ನೋಡಿದ.

ಎರಡನೆಯ ಹಾಡೂ ಮುಗಿಯಿತು. ಮೂರನೆಯದು, ನಾಲ್ಕನೆಯದು. ಹುಬ್ಬಳ್ಳಿಯ ತರುಣ ಎದ್ದು ಬಂದು ಸ್ಟೇಜಿನ ಅಂಚಿನಲ್ಲಿ ಕೂತು ಹಸಿರು ಡಬ್ಬಿಯನ್ನು ಬಹಳ ಹೊತ್ತು ನೋಡಿದ. "ಯಾರ ಮಾಡಿದ್ದ್ರಿ?" ಎಂದು ತಬಲಾದವನನ್ನು ಕೇಳಿದ, ಅವನು ಗದ್ದದಿಂದ ಕಂಬದ ಕಡೆ ತೋರಿಸಿದ. ತರುಣ ಹತ್ತಿರ ಬಂದು, ಬಾಚಣಿಗೆ ಕಿಸೆಗೆ ಹಾಕಿ, "ನಂದು ಮುಂಬೈಯಿಂದ ತರಿಸಿದ್ದ್ರಿ. ಇಷ್ಟ ಸುಮ್ಮನಿರಂಗಿಲ್ಲ ಅದು," ಎಂದ. ಆಮೇಲೆ ಕೈ ಮುಗಿದು, ತನ್ನ ಪೆಟ್ಟಿಗೆ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದ. ಒಂದು ದಿನ ಹಾಳು ಮಾಡಿಕೊಂಡು ಬಂದವನು ಅಷ್ಟು ಚೆನ್ನಾಗಿ ಮಾತಾಡಿ ಹೋದದ್ದು ಅವಳಿಗೆ ಮುಟ್ಟಿತು.

ಬಿಸಿಲು ಇಳಿಯುವಾಗ ಬಿಡುವು ಕೊಟ್ಟರು. ಸ್ಟೇಜಿನ ಹಿಂದೆ ವಾದ್ಯದವರೆಲ್ಲ ತಾಡಪತ್ರಿಯ ಮೇಲೆ ಗೋಲಾಗಿ ಕೂತರು. ಅವಳು ಕಂಬದ ಬುಡದಲ್ಲೇ ಕೂತು, ಸಡಿಲಾದ ವಾಯರನ್ನು ಮೊಳಕೈಗೆ ಸುತ್ತುತ್ತಿದ್ದಳು. ಕೆಲಸದ ಜಾಗದಲ್ಲಿ ಬಿದ್ದಿದ್ದ ವಾಯರು, ಯಾರಾದರೂ ಸುತ್ತಬೇಕಿತ್ತು. ಶಿದ್ಲಿಂಗಪ್ಪ ಅಡಿಗೆಯ ಕಡೆಯಿಂದ ಬಡಿಸಿದ ಮುತ್ತಲ ಎಲೆಗಳನ್ನು ದೊಡ್ಡ ತಾಟಿನಲ್ಲಿ ಸಾಲಾಗಿಟ್ಟು ಹೊತ್ತುಕೊಂಡು ಬಂದು, ತಬಲಾದವನಿಗೊಂದು, ಹಾಡುವವಳಿಗೊಂದು, ಉಡಚಪ್ಪನಿಗೊಂದು ಕೊಡುತ್ತ ಬಂದರು. ಜೋಳದ ರೊಟ್ಟಿ, ಬದನೆಕಾಯಿ, ಒಂದು ಮೂಲೆಯಲ್ಲಿ ಗೋಧಿ ಹುಗ್ಗಿ. ಮಡಿಯ ಮನೆಯ ಅಕ್ಕೋರಿಗೆ ಬಾಳೆಹಣ್ಣು ತರಿಸಲೇ ಎಂದು ಅವರು ಕೇಳಲಿಲ್ಲ. ಮುಂದಿನ ಕುರ್ಚಿಯ ಮಾತೂ ಎತ್ತಲಿಲ್ಲ. ಉಡಚಪ್ಪನ ಮುಂದಿನ ಎಲೆ ಯಾವುದೋ ಅದರ ನಂತರದ ಎಲೆಯನ್ನು, ಸಾಲು ತಪ್ಪದೆ, ಅವಳ ಮುಂದೆ ಚಾಚಿ, ಆಗಲೇ ಮುಂದಿನವನ ಕಡೆ ನೋಡುತ್ತ ನಿಂತರು. ಶಾಮಲಾ ಸುತ್ತಿದ ವಾಯರನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈಯಿಂದ ತೆಗೆದುಕೊಂಡಳು.